ಮಾತು ಬಿಟ್ಟ ಇಬ್ಬರು ರಾಜಿ ಕಲಿಯಲು ಹೋದದ್ದು

ಸಕಲೇಶಪುರ

ಶ್ರೀಲಂಕಾಕ್ಕೆ ಹೋಗಿ ಬಂದೆ ಎಂದ ಕೂಡಲೆ ಎಲ್ಲರೂ ಕೇಳುವುದು ಸಮುದ್ರ ಹೇಗಿತ್ತು, ಆನೆ ನೋಡಿದೆಯಾ ಎಂದು. ಆನೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ಗದ್ದೆ ತೆನೆ ಕಟ್ಟಿದರೆ ಅವೇ ನಮ್ಮಲ್ಲಿಗೆ ಬರುತ್ತವೆ. ಸಮುದ್ರ ನೋಡಿದ್ದು ವ್ಯಾನಿನ ಕಿಟಕಿಯಿಂದ, ಅದೂ ನಿದ್ದೆಗಣ್ಣಲ್ಲಿ. ಇದ್ದಷ್ಟು ದಿನವೂ ನಾನು ಹೆಚ್ಚಾಗಿ ನೋಡಿದ್ದು ನನ್ನ ಅತ್ತಿಗೆಯ ಬೆನ್ನನ್ನು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ವನಜಾಕ್ಷಿ. ಅಣ್ಣನ ಮನೆ, ಅಂದರೆ ನನ್ನ ತವರು, ಹಾನುಬಾಳಿನಿಂದ ಸ್ವಲ್ಪ ಆಚೆ. ನನ್ನನ್ನು ಕೊಟ್ಟಿದ್ದು ಆನೇಮಹಲ್‌ಗೆ. ನಾನೂ ಅತ್ತಿಗೆಯೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಮಾತು ಬಿಡುವುದು ಜಗಳವಾಡಿದಂತಲ್ಲ, ಜಗಳದಲ್ಲಿ ಬೈಗುಳವಾದರೂ ಇರುತ್ತದೆ. ನಮ್ಮ ಕಡೆ ಮಾತು ಬಿಟ್ಟವರು ಸಾವಿಗೆ ಬರುತ್ತಾರೆ, ಊಟಕ್ಕೆ ಕೂರುವುದಿಲ್ಲ. ಸಂತೆಯಲ್ಲಿ ಎದುರಾದರೆ ಇಬ್ಬರೂ ಒಂದೇ ಹೊತ್ತಿಗೆ ಬದನೆಕಾಯಿ ಆರಿಸತೊಡಗುತ್ತಾರೆ. ಏನಾದರೂ ಹೇಳಲೇಬೇಕಾಗಿ ಬಂದರೆ ಕೋಳಿಗೋ ಗೋಡೆಗೋ ಹೇಳುತ್ತಾರೆ, ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ.

ಕಾರಣ ಇಷ್ಟೆ. ಅಣ್ಣ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಕಾರ್ಡು ನನಗೆ ತಲುಪಿದ್ದು ಬಸ್ಸಿನ ಕಂಡಕ್ಟರ್ ಕೈಯಿಂದ. ಹಾನುಬಾಳಿನ ಬಸ್ಸಿನಲ್ಲಿ ಬಂದು, ಸಕಲೇಶಪುರದಲ್ಲಿ ಇನ್ನೊಂದು ಬಸ್ಸಿಗೆ ದಾಟಿ, ನಮ್ಮೂರ ರಸ್ತೆಬದಿಯ ಅಂಗಡಿಯಲ್ಲಿ ಬೆಲ್ಲದ ಡಬ್ಬಿಯ ಮೇಲೆ ಬಿದ್ದಿತ್ತು. ತವರಿನ ಹೆಣ್ಣುಮಗಳನ್ನು ಅತ್ತಿಗೆಯಾದವಳು ಮನೆಗೆ ಬಂದು, ಹಣೆಗೆ ಕುಂಕುಮವಿಟ್ಟು ಕರೆಯಬೇಕು. ಊರಿನವರನ್ನೆಲ್ಲ ಹಾಗೇ ಕರೆದಿದ್ದರು. ನನಗೆ ಮಾತ್ರ ಕಂಡಕ್ಟರ್. ನಾನು ಹೋಗಲಿಲ್ಲ. ಕರೆದರೂ ಬರಲಿಲ್ಲ ಎಂದು ಅಲ್ಲಿ ಮಾತಾಯಿತಂತೆ. ಆವತ್ತಿನಿಂದ ಆ ಹೊಸ ಮನೆಯ ಹೊಸ್ತಿಲು ನಾನು ಕಂಡಿರಲಿಲ್ಲ.

ಈಗ ಅಣ್ಣನ ಮಗಳು ಚೈತ್ರನ ಮದುವೆ ಗೊತ್ತಾಗಿತ್ತು. ಹುಟ್ಟಿದಾಗ ಅವಳ ಕಿವಿಯಲ್ಲಿ ಹೆಸರು ಹೇಳಿದವಳು ಸೋದರತ್ತೆಯಾದ ನಾನೇ. ನಾವು ಶ್ರೀಲಂಕಾದಿಂದ ವಾಪಸಾದ ಸ್ವಲ್ಪ ದಿನಕ್ಕೆ ಮದುವೆ. ನನ್ನನ್ನು ಕರೆಯುತ್ತಾರೋ ಇಲ್ಲವೋ, ಕರೆಯದಿದ್ದರೆ ಆ ಮಗುವಿನ ಧಾರೆ ಹೊತ್ತಿಗೆ ನಾನು ಮನೆಯಲ್ಲಿ ಕೂತು ಏನು ಮಾಡಲಿ, ಇದೊಂದೇ ಹುಳ ನನ್ನ ತಲೆಯೊಳಗೆ. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ಇಂಥ ನಾವಿಬ್ಬರೂ ಊರವರ ಜಗಳ ಬಿಡಿಸುವವರು. ಸಕಲೇಶಪುರದ ಒಂದು ಸಂಸ್ಥೆ ಹಳ್ಳಿಗೊಬ್ಬರಂತೆ ಆರಿಸಿ, ಬೇಲಿ, ನೀರು, ದಾರಿಯ ತಕರಾರುಗಳನ್ನು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸದೆ ಮುಗಿಸುವುದನ್ನು ಕಲಿಸುತ್ತಿತ್ತು. ಸಂಬಳವಿಲ್ಲದ ಕೆಲಸ, ಬೈಸಿಕೊಳ್ಳುವುದು ಮಾತ್ರ ಧಾರಾಳ. ಶ್ರೀಲಂಕಾದಲ್ಲಿ ಇಂಥದ್ದು ಬಹಳ ಕಾಲದಿಂದ ನಡೆದಿದೆ, ಇಬ್ಬರು ಹೋಗಿ ಕಲಿತು ಬಂದು ಉಳಿದವರಿಗೆ ಕಲಿಸಬೇಕು ಎಂದು ತೀರ್ಮಾನವಾಯಿತು. ಸಂಸ್ಥೆಯ ಮೇಷ್ಟ್ರು ನಮ್ಮಿಬ್ಬರ ಹೆಸರು ಓದಿದರು. ನಾನು ಎದ್ದು ನಿಂತು, ನನಗೆ ಬೇರೆ ಯಾರನ್ನಾದರೂ ಜೊತೆ ಮಾಡಿ ಎಂದೆ.

"ಅಲ್ಲಿ ಪಾಠ ಇಂಗ್ಲಿಷು, ಇಲ್ಲಾಂದ್ರೆ ತಮಿಳು. ವನಜಾಕ್ಷಮ್ಮಂಗೆ ತಮಿಳು ಬತ್ತದೆ, ನಿಮಗೆ ಬಾಯಿ ಐತೆ. ಎರಡೂ ಬೇಕು ಕಣ್ರೀ ಸರೋಜಮ್ಮ" ಎಂದರು ಮೇಷ್ಟ್ರು.

ಅತ್ತಿಗೆಯ ತಂದೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ತಮಿಳು ಕೂಲಿಯವರ ಲೈನ್ ಮನೆಗಳ ಪಕ್ಕದಲ್ಲೇ ಬೆಳೆದಿದ್ದರಿಂದ ಅತ್ತಿಗೆಗೆ ತಮಿಳು ನೀರು ಕುಡಿದಷ್ಟು ಸಲೀಸು. ನನಗೆ ಬರುವ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. ಮೇಷ್ಟ್ರಿಗೆ ನಮ್ಮ ವಿಷಯ ಗೊತ್ತಿದ್ದೇ ಹೀಗೆ ಮಾಡಿದರು ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.

ಚೆನ್ನೈಯಿಂದ ಕೊಲಂಬೊ

ವಿಮಾನದಲ್ಲಿ ಪಕ್ಕಪಕ್ಕದ ಸೀಟು. ಸೊಂಟದ ಬೆಲ್ಟು ಹಾಕಿಕೊಂಡೆ, ಬಿಚ್ಚಲು ಬರಲಿಲ್ಲ. ಎಳೆದೆ, ತಿರುವಿದೆ, ಗುದ್ದಿದೆ. ಅತ್ತಿಗೆ ಮುಂದಿನ ಸೀಟಿನ ಬೆನ್ನಿಗೆ ಹೇಳಿದರು: "ಮೇಲಿನ ತಗಡು ಎತ್ತುದ್ರೆ ಬಿಚ್ಕಳ್ತದೆ." ಎತ್ತಿದೆ, ಬಿಚ್ಚಿಕೊಂಡಿತು. ನಾನೂ ಆ ಸೀಟಿಗೇ "ಗೊತ್ತಿತ್ತು" ಎಂದೆ.

ವಿಮಾನ ನೆಲ ಬಿಟ್ಟ ಕೂಡಲೆ ಅತ್ತಿಗೆ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಳೆ ಒತ್ತಿ ಕೈ ಕೆಂಪಾಯಿತು. ಮೇಲೆ ಹೋಗಿ ಸಮ ಆದ ಮೇಲೆ ಕಣ್ಣು ಬಿಟ್ಟು, ಯಾರ ಕೈ ಎಂದು ನೋಡಿ, ಬಿಟ್ಟು, ಸೆರಗಿನಲ್ಲಿ ಅಂಗೈ ಒರೆಸಿಕೊಂಡರು. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎಷ್ಟೇ ಸಿಟ್ಟಿದ್ದರೂ ಬರೆಯುವಾಗ ಅತ್ತಿಗೆಗೆ ಏಕವಚನ ಬರೆಯಲು ಕೈ ಏಳುವುದಿಲ್ಲ, ನಮ್ಮಲ್ಲಿ ಹಾಗೆ ಬೆಳೆಸಿಲ್ಲ.

ಮಾತಲೆ ರಸ್ತೆ

ಆಗ ಅಲ್ಲಿ ಯುದ್ಧ ನಿಂತಿತ್ತು, ಆದರೆ ಮುಗಿದಿರಲಿಲ್ಲ. ರಸ್ತೆಯಲ್ಲಿ ಅಲ್ಲಲ್ಲಿ ಮರಳು ಮೂಟೆ, ಬಂದೂಕು ಹಿಡಿದ ಹುಡುಗರು. ನಮ್ಮನ್ನು ತರಬೇತಿ ನಡೆಯುವ ಮಾತಲೆ ಎಂಬ ಬೆಟ್ಟದೂರಿಗೆ ಕರೆದೊಯ್ಯಲು ಬಂದಿದ್ದವರು ಅಲ್ಲಿನ ತಮಿಳು ಹೆಂಗಸು, ನಿವೃತ್ತ ಶಿಕ್ಷಕಿ. ಹೆಸರು ರಾಜೇಶ್ವರಿ, ಎಲ್ಲರೂ ಕರೆಯುವುದು ರಾಜಿ ಟೀಚರ್ ಎಂದು. ಮಧ್ಯಸ್ಥಿಕೆ ಕಲಿಸುವವರ ಹೆಸರೇ ರಾಜಿ ಎಂದು ನಾನು ಒಬ್ಬಳೇ ನಕ್ಕೆ. ಯಾಕೆ ನಗುತ್ತಾರೆ ಎಂದು ಅವರು ಕೇಳಿದಂತಿತ್ತು, ಅತ್ತಿಗೆ ತಮಿಳಿನಲ್ಲಿ ಏನೋ ಅಂದರು. ಟೀಚರ್ ನನ್ನ ತಲೆ ಸವರಿ ಒಂದು ನಿಂಬೆಹಣ್ಣು ಕೊಟ್ಟರು. ಪ್ರಯಾಣದಲ್ಲಿ ತಲೆ ತಿರುಗುತ್ತಿದೆ ಎಂದಿರಬೇಕು.

ಒಂದು ತಪಾಸಣೆಯ ಜಾಗದಲ್ಲಿ ಸೈನಿಕನೊಬ್ಬ ಅತ್ತಿಗೆಯ ಚೀಲ ಬಿಚ್ಚಿದ. ಕಾಫಿಪುಡಿ ಪೊಟ್ಟಣ ಮೂಸಿ, ಬೆರಳಿಗೆ ಹಚ್ಚಿ, ಮತ್ತೆ ಮೂಸಿದ. ಆಮೇಲೆ ನಮ್ಮಿಬ್ಬರ ಕಡೆ ಬೆರಳು ಆಡಿಸಿ ಏನೋ ಕೇಳಿದ. ನಿಮಗಿಬ್ಬರಿಗೂ ಏನು ಸಂಬಂಧ ಎಂದು ಕೇಳಿದ್ದು, ಅಷ್ಟು ನನಗೂ ತಿಳಿಯಿತು. ಸೈನಿಕ ಎರಡನೇ ಸಲ ಕೇಳಿದ. "ನಾತ್ತನಾರ್" ಎಂದರು ಅತ್ತಿಗೆ, ನೆಲ ನೋಡುತ್ತಾ. ಆ ಪದ ನನಗೆ ಗೊತ್ತಿರಲಿಲ್ಲ. ನಾದಿನಿ ಇರಬಹುದೇ, ಅಥವಾ ಏನಾದರೂ ಬೈದರೋ ಎಂದು ಮುಂದಿನ ದಾರಿಯುದ್ದಕ್ಕೂ ಯೋಚಿಸಿದೆ.

ಊರು ಥೇಟ್ ನಮ್ಮ ದೋಣಿಗಲ್ ಕಡೆಯಂತೆಯೇ, ಅದೇ ತಿರುವು, ಅದೇ ಮಂಜು. ಕಾಫಿ ಇರಬೇಕಾದ ಕಡೆಯೆಲ್ಲ ಟೀ. ಬೆಳಗ್ಗೆ ತಿಂಡಿಗೆ ಕೊಟ್ಟಿದ್ದು ಶ್ಯಾವಿಗೆಯಂಥದ್ದು, ನಮ್ಮ ಒತ್ತು ಶ್ಯಾವಿಗೆಯ ತಮ್ಮ ಅನ್ನಬಹುದು, ತಟ್ಟೆ ತಟ್ಟೆಯಾಗಿ ಬೇಯಿಸಿದ್ದು. ಜೊತೆಗೆ ಖಾರದ ಕಾಯಿತುರಿ. ಟೀ ಕುಡಿದು ನನಗೆ ತಲೆನೋವು ಹತ್ತಿತು. ಅತ್ತಿಗೆ ಕೋಣೆಯಲ್ಲಿ ಎಲ್ಲಿಂದಲೋ ಬಿಸಿನೀರು ತಂದು ಕಾಫಿ ಸೋಸಿದರು. ಎರಡು ಲೋಟ. ಒಂದನ್ನು ಕುಡಿದರು, ಇನ್ನೊಂದನ್ನು ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದರು. ನನಗೆ ಅಂತ ಹೇಳಲಿಲ್ಲ. ಸ್ವಲ್ಪ ಹೊತ್ತು ಮರ್ಯಾದೆ ಕಾಪಾಡಿಕೊಂಡೆ, ಆಮೇಲೆ ಕುಡಿದೆ.

ಶಾಲೆಯ ಜಗಲಿ

ಮಾರನೆಯ ದಿನ ಒಂದು ಹಳ್ಳಿಯ ಶಾಲೆಗೆ ಕರೆದೊಯ್ದರು. ರಜೆಯ ದಿನ ಮಧ್ಯಸ್ಥರು ಅಲ್ಲಿ ಕೂರುತ್ತಾರೆ. ಇಬ್ಬರು ಮುದುಕರು, ಒಬ್ಬ ಹೆಂಗಸು. ನಡೆದದ್ದನ್ನೆಲ್ಲ ಅತ್ತಿಗೆ ಕನ್ನಡದಲ್ಲಿ ಗೋಡೆಗೆ ಹೇಳುತ್ತಿದ್ದರು. ಅವತ್ತು ಬಂದಿದ್ದ ತಕರಾರು ತೆಂಗಿನ ಮರದ್ದು. ಒಬ್ಬರ ಮರ ಬಗ್ಗಿ ಪಕ್ಕದವರ ತಗಡಿನ ಮೇಲೆ ಕಾಯಿ ಬೀಳುತ್ತಿದೆ. ಇಷ್ಟೆ.

ನಮ್ಮಲ್ಲಾದರೆ ಕಟ್ಟೆಯ ಮೇಲೆ ಹತ್ತು ಜನ ಒಟ್ಟಿಗೆ ಮಾತಾಡಿ, ಯಾರ ಗಂಟಲು ದೊಡ್ಡದೋ ಅವರ ಮಾತು ನಿಂತು, ತಪ್ಪು ಮಾಡಿದವನು ದೇವರಿಗೆ ಕಾಯಿ ಒಡೆದು, ಮಧ್ಯಾಹ್ನದೊಳಗೆ ಎಲ್ಲ ಮುಗಿದಿರುತ್ತಿತ್ತು. ಇವರು ಆ ಇಬ್ಬರು ನೆರೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದರು. ಟೀ ಕೊಟ್ಟರು. ಮರ ಯಾರು ನೆಟ್ಟಿದ್ದು ಎಂದು ಕೇಳಿದರು. ಮಕ್ಕಳು ಒಟ್ಟಿಗೆ ಶಾಲೆಗೆ ಹೋಗುತ್ತಿದ್ದರಾ ಎಂದು ಕೇಳಿದರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನ ಬಾಯಲ್ಲಿ ತಿರುಗಿ ಹೇಳಬೇಕು. ಹೇಳಿದವನು ಹೌದು, ಇದೇ ನಾನಂದಿದ್ದು ಎಂದು ಒಪ್ಪುವವರೆಗೂ ಇವನಿಗೆ ತನ್ನ ಮಾತು ಆಡುವ ಹಾಗಿಲ್ಲ. ತಿರುಗಿ ಹೇಳುವಾಗಲೆಲ್ಲ ತಪ್ಪು ಹೇಳುವುದು, ಅಲ್ಲ ಅನ್ನುವುದು, ಮತ್ತೆ ಮೊದಲಿಂದ. ನನಗೆ ಕಾಲಲ್ಲಿ ಇರುವೆ ಹರಿದಂತಾಯಿತು. ಎದ್ದು ಜಗಲಿಯ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಕೊನೆಗೆ ಮುಂದಿನ ವಾರ ಬನ್ನಿ ಎಂದು ಕಳಿಸಿಬಿಟ್ಟರು.

"ಮರ ಕಡಿಸ್ರಪ್ಪ ಅನ್ನಕ್ಕೆ ಎಷ್ಟೊತ್ತು ಬೇಕು?" ಎಂದು ನಾನು ಕಂಬಕ್ಕೆ ಹೇಳಿದೆ.

ಅತ್ತಿಗೆ ಅದನ್ನು ರಾಜಿ ಟೀಚರಿಗೆ ಹೇಳಿದರು. ಟೀಚರ್ ಅಂದಿದ್ದನ್ನು ಗಾಳಿಗೆ ಹೇಳಿದರು: "ಅವ್ರು ಮರ ಕಡ್ಸಕ್ಕೆ ಬಂದಿಲ್ಲವಂತೆ. ಯಾತಕ್ಕೆ ಬಂದವ್ರೆ ಅಂತ ಅವ್ರಿಗೇ ಇನ್ನೂ ತಿಳಿದಿಲ್ಲವಂತೆ. ಯಾರಿಗ್ ಬೇಕೋ ಅವ್ರು ಕೇಳುಸ್ಕಳ್ಳಿ."

ತರಬೇತಿಯ ಕೋಣೆ

ತರಬೇತಿಗೆ ಬೇರೆ ಬೇರೆ ಕಡೆಯವರು ಬಂದಿದ್ದರು. ಒಬ್ಬೊಬ್ಬರೂ ತಮ್ಮ ಊರಿನ ಒಂದು ತಕರಾರು ಹೇಳುವುದು, ಉಳಿದವರು ಅದನ್ನು ಬಿಡಿಸಲು ನೋಡುವುದು. ನನ್ನ ಸರದಿಗೆ ಮುಂಚೆ ಆ ದೇಶದ ಹೆಂಗಸೊಬ್ಬಳು ತನ್ನೂರ ಮದುವೆಯ ಜಗಳವೊಂದನ್ನು ಹೇಳಿದಳು. ಅವರಲ್ಲಿ ಮದುವೆಗೆ ಕರೆಯುವವರು ವೀಳ್ಯದೆಲೆಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕಂತೆ, ಬರೀ ಕಾರ್ಡು ಕೊಟ್ಟರೆ ಹಳೆಯ ಕಾಲದವರು ಅದನ್ನು ಕರೆದರೆಂದು ಎಣಿಸುವುದೇ ಇಲ್ಲವಂತೆ. ಅತ್ತಿಗೆ ಇದನ್ನು ಕನ್ನಡಕ್ಕೆ ತರುವಾಗ ದನಿ ಸಣ್ಣದಾಯಿತು.

ಅಷ್ಟೇ ಸಾಕಾಯಿತು ನನಗೆ. ಆನೇಮಹಲಿನಿಂದ ಹೊರಡುವಾಗ ಗದ್ದೆ ನೀರಿನ ತಕರಾರೊಂದನ್ನು ಹೇಳಬೇಕೆಂದು ಸಿದ್ಧ ಮಾಡಿಕೊಂಡು ಬಂದಿದ್ದೆ. ಎದ್ದು ನಿಂತವಳು ಅದನ್ನು ಬಿಟ್ಟು, "ನಮ್ಮೂರ ಕಡೆ ಒಬ್ಬ ಹೆಂಗಸು ಇದ್ದಾಳೆ" ಎಂದು ಶುರು ಮಾಡಿದೆ. ತವರಿನಲ್ಲಿ ಗೃಹಪ್ರವೇಶ, ಕಂಡಕ್ಟರ್ ಕೈಲಿ ಕಾರ್ಡು, ಅಂಗಡಿಯ ಬೆಲ್ಲದ ಡಬ್ಬಿ, ಊರವರಿಗೆಲ್ಲ ಕುಂಕುಮ, ಅವಳಿಗಿಲ್ಲ, ಎಲ್ಲ ಹೇಳಿದೆ. ಒಂದೊಂದು ವಾಕ್ಯಕ್ಕೂ ನಿಲ್ಲಿಸುತ್ತಿದ್ದೆ, ಅತ್ತಿಗೆ ತಮಿಳಿಗೆ ತರುತ್ತಿದ್ದರು, ರಾಜಿ ಟೀಚರ್ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಅತ್ತಿಗೆಯ ಮುಖ ಕಲ್ಲಾಗಿತ್ತು.

ಆದರೆ ತಮಿಳಿನಲ್ಲೂ ಕುಂಕುಮ ಕುಂಕುಮವೇ. ನಮ್ಮ ಲೈನಿನ ಹೆಂಗಸರು ಕುಂಗುಮಂ ಅನ್ನುವುದನ್ನು ನಾನೂ ಕೇಳಿ ಬಲ್ಲೆ. ಕಿವಿಗೊಟ್ಟು ಕಾಯುತ್ತಿದ್ದೆ, ಆ ಪದ ಬರಲೇ ಇಲ್ಲ. ಅತ್ತಿಗೆ ಹೇಳಿ ಮುಗಿಸಿದರು. ಇಂಗ್ಲಿಷಿನಲ್ಲಿ ಕೇಳಿಸಿಕೊಂಡವರೆಲ್ಲ ತಲೆಯಾಡಿಸಿದರು, ಪಾಪ, ಒಂದು ಕಾರ್ಡು ತಡವಾಗಿ ಬಂದದ್ದಕ್ಕೆ ಇಷ್ಟೊಂದು ಸಿಟ್ಟೇ ಎಂಬಂತೆ.

"ಕುಂಕುಮ ಬಿಟ್ರಿ ಅತ್ತಿಗೆ" ಎಂದೆ.

ಬಾಯಿಂದ ಬಂದ ಮೇಲೆ ನನಗೆ ಗೊತ್ತಾಯಿತು, ಗೋಡೆಗಲ್ಲ, ಸೀಟಿಗಲ್ಲ, ಅವರಿಗೇ ಹೇಳಿದ್ದೆ. ಆರು ವರ್ಷದ ಮೇಲೆ ಅತ್ತಿಗೆ ಎಂದಿದ್ದೆ.

ಅವರೂ ನನ್ನ ಮುಖ ನೋಡಿಯೇ ಹೇಳಿದರು. "ಬಿಟ್ಟೆ. ಇವ್ರ ಮುಂದೆ ಹೆಂಗ್ ಹೇಳ್ಲಿ? ಆವತ್ತೂ ಬಿಟ್ಟೆ. ಭರಣಿ ಹಿಡ್ಕಂಡು, ಸೀರೆ ಉಟ್ಕಂಡು ಬಾಗ್ಲಲ್ಲಿ ನಿಂತಿದ್ದೆ ಕಣೆ ನಾನು. ಸರೋಜನ ಕರ್ದು ಬತ್ತೀನಿ ಅಂದೆ. ನಿಮ್ಮಣ್ಣ ಎಗ್ರಾಡ್ಬುಟ್ರು. ಅವಳು ಈ ಮನೆ ಮಗಳು, ಮನೆಯೋಳ್ನ ಯಾರಾದ್ರೂ ಕುಂಕುಮ ಇಟ್ಟು ಕರಿತಾರಾ, ಕರದ್ರೆ ನೆಂಟ್ರಾಗೋಗ್ತಾಳೆ, ಅವಳೇ ಬಂದು ಒಲೆ ಮುಂದೆ ಕೂರ್ತಾಳೆ ನೋಡ್ತಿರು ಅಂದ್ರು. ಆ ಕಾರ್ಡೂ ಅವ್ರೇ ಕಂಡಕ್ಟರಿಗೆ ಕೊಟ್ಟಿದ್ದು. ಚೆನ್ನಾಗಿ ಪ್ರಿಂಟಾಗೈತೆ, ನೋಡ್ಲಿ ಅಂತ."

"ಆರು ವರ್ಷ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ನೀನು ಸಂತೇಲಿ ಬದ್ನೆಕಾಯಿ ನೋಡ್ತಿದ್ದೆ."

ಕೋಣೆಯಲ್ಲಿ ಯಾರಿಗೂ ಒಂದಕ್ಷರ ಅರ್ಥವಾಗಿರಲಿಲ್ಲ. ರಾಜಿ ಟೀಚರ್ ಏನಾಯಿತು ಎಂದು ಕೇಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಅತ್ತಿಗೆಗೆ ಏನೋ ಹೇಳಿದರು. ಅತ್ತಿಗೆ ನನಗೆ ಹೇಳಿದರು: "ನಾನು ಅಂದಿದ್ನ ನೀನು ತಿರುಗಿ ಹೇಳ್ಬೇಕಂತೆ."

ಹೇಳತೊಡಗಿದೆ. "ಅಣ್ಣ ಅಂದಿದ್ದು, ನಾನು ಆ ಮನೆ ಮಗಳು. ಮನೆಯೋಳ್ನ ಕರೆಯಬಾರದು. ಅವಳೇ ಬಂದು ಒಲೆ ಮುಂದೆ..." ಅಷ್ಟು ಜನ ಪರದೇಶದವರ ಮುಂದೆ ಗೊಳೋ ಎಂದು ಅತ್ತೆ. ಸಂಕಟವೋ ಸಂತೋಷವೋ ಹೇಳಲಾರೆ. ಆರು ವರ್ಷ ನನ್ನನ್ನು ಹೊರಗಿಟ್ಟರು ಎಂದು ಉರಿದಿದ್ದೆ. ಅಣ್ಣ ಆ ಆರು ವರ್ಷವೂ ನಾನೇಕೆ ಒಳಗೆ ಬರುತ್ತಿಲ್ಲ ಎಂದು ಉರಿದಿದ್ದ.

ಕೆರೆ ಏರಿ

ಸಂಜೆ ಇಬ್ಬರೂ ಆ ಊರ ಕೆರೆ ಏರಿಯ ಮೇಲೆ ನಡೆದೆವು. ಒಂದು ಉಡ ನಮಗಿಂತ ನಿಧಾನವಾಗಿ ದಾರಿ ದಾಟಿತು, ಯಾರೂ ಅದಕ್ಕೆ ಕಲ್ಲೆಸೆಯಲಿಲ್ಲ. ಮಾತು ಬಂದಿದೆ, ಆದರೆ ಏನು ಆಡಬೇಕೆಂದು ಇಬ್ಬರಿಗೂ ತಿಳಿಯದು. ಸೀರೆ ಅಂಚಿನ ಬಗ್ಗೆ ಮಾತಾಡಿದೆವು. ಆಮೇಲೆ ಅತ್ತಿಗೆಯೇ ತೆಗೆದರು.

"ಚೈತ್ರನ್ ಮದ್ವೆಗೂ ಅವ್ರು ಹಂಗೇ ಕೂತವ್ರೆ. ಸರೋಜನ ಏನ್ ಕರಿಯೋದು, ಬತ್ತಾಳೆ ಅಂತ. ಊರಿಗ್ ಹೋದ್ಮೇಲೆ ಅವ್ರಿಗೆ ಹೇಳ್ದೆ ನಾನು ಕುಂಕುಮ ತಗಂಡು ಬಂದ್ಬುಡ್ಲಾ?"

ಬೇಡ ಎಂದೆ. ಮಗಳ ಮದುವೆ ಹತ್ತಿರವಿರುವಾಗ ಗಂಡ ಹೆಂಡಿರಿಗೆ ನನ್ನಿಂದ ಜಗಳ ಬೇಡ.

"ಹಂಗಾರೆ ಸುಮ್ನೆ ಬಾ."

"ಕರಿದೆ ಬರಲ್ಲ."

"ಕರೀತೀನಿ ಅಂದ್ರೆ ಬೇಡ ಅಂತೀಯ, ಕರಿದಿದ್ರೆ ಬರಲ್ಲ ಅಂತೀಯ. ನಿಂಗೆ ಬೇಕಾಗಿರೋದಾದ್ರೂ ಏನು ಮಾರಾಯ್ತಿ?"

ನನಗೇ ತಿಳಿಯಲಿಲ್ಲ. ಅಣ್ಣ ಹೇಳಿದ್ದು ಪ್ರೀತಿಯ ಮಾತೇ. ಆ ಪ್ರೀತಿಯನ್ನು ಹಿಡಿದುಕೊಂಡು ನಗುತ್ತಾ ಹೋಗಿಬಿಡಬಹುದಿತ್ತು. ಆದರೆ ಅದನ್ನು ನೆನೆದಷ್ಟೂ ನನಗೆ ಮತ್ತೆ ಸಿಟ್ಟೇ ಬರುತ್ತಿತ್ತು. ಉಳಿದ ತರಬೇತಿಯಲ್ಲಿ ಕೂತಿದ್ದೆ, ಕಲಿಸಿದ್ದನ್ನೆಲ್ಲ ಕಲಿತೆ, ಪ್ರಮಾಣಪತ್ರ ಕೊಡುವಾಗ ನಕ್ಕೆ. ಒಂದು ಗಳಿಗೆಯೂ ನೆಮ್ಮದಿಯಿಲ್ಲ. ರಾಜಿ ಟೀಚರ್ ಬೀಳ್ಕೊಡುವಾಗ ನಮ್ಮಿಬ್ಬರಿಗೂ ಒಂದೊಂದು ಕಟ್ಟು ಚಕ್ಕೆ ಕೊಟ್ಟರು, ತಮಿಳಿನಲ್ಲಿ ಉದ್ದಕ್ಕೆ ಏನೋ ಹರಸಿದರು. ಅತ್ತಿಗೆ ಅದನ್ನು ಕನ್ನಡಕ್ಕೆ ತರಲಿಲ್ಲ, ನಾನೂ ಕೇಳಲಿಲ್ಲ.

ಹಾನುಬಾಳಿನ ಬಸ್ಸು

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ದಾರಿ ಬೇರೆ. ಅತ್ತಿಗೆ "ಬತ್ತೀನಿ ಸರೋಜ" ಎಂದು ಹಾನುಬಾಳಿನ ಬಸ್ಸು ಹತ್ತಿದರು, ಮದುವೆಯ ಮಾತು ಎತ್ತಲಿಲ್ಲ. ನಾನೇ ಬೇಡ ಎಂದಿದ್ದೆನಲ್ಲ. ನಾನು ಆನೇಮಹಲಿನ ಜೀಪಿನಲ್ಲಿ ಕೂತೆ. ಜನ ತುಂಬದೆ ಡ್ರೈವರ್ ಹೊರಡುವವನಲ್ಲ. ಎದುರಿಗೆ ಆ ಬಸ್ಸು ಗುರುಗುಡುತ್ತಾ ನಿಂತಿತ್ತು. ಕಂಡಕ್ಟರ್ ಸೀಟಿ ಊದಿದ. ನಾನು ಜೀಪಿನಿಂದ ಚೀಲ ಎಳೆದುಕೊಂಡು ಓಡಿದೆ. ಅತ್ತಿಗೆ ಏನೂ ಕೇಳದೆ ಪಕ್ಕದ ಸೀಟಿನ ಮೇಲಿದ್ದ ತಮ್ಮ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಅಣ್ಣ ಅಂಗಳದಲ್ಲಿ ಒಳ್ಳೆಮೆಣಸು ಹರವುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಅಂಗಡಿಗೆ ಹೋಗಿ ಬಂದವಳನ್ನು ಕೇಳುವಂತೆ ಕೇಳಿದ: "ಬಂದ್ಯಾ? ಕೈಕಾಲು ತೊಳ್ಕಂಡು ಒಳಗೋಗು."

ಒಳಗೆ ಚೈತ್ರನ ದನಿ ಕೇಳಿಸುತ್ತಿತ್ತು. ಕಾಲುಗಳು ತಾವಾಗಿಯೇ ಮುಂದಾದವು, ನಾನು ನಿಲ್ಲಿಸಿದೆ.

"ಕರಿ ನನ್ನ" ಎಂದೆ.

"ಏನು?"

"ಮದ್ವೆಗೆ ಕರಿ ನನ್ನ."

"ನಿನ್ನೇನ್ ಕರಿಯೋದು? ನೀನು ಈ ಮನೆಯೋಳಲ್ವಾ?"

"ನೀನಂದಿದ್ದು ಇದು. ನಾನು ಈ ಮನೆಯೋಳು, ಮನೆಯೋಳ್ನ ಕರಿಯೋದು ಬೇಕಿಲ್ಲ. ಇದೇ ತಾನೆ?"

"ಹೂಂ ಮತ್ತೆ."

"ಈಗ ನಾನು ಹೇಳ್ತೀನಿ, ನೀನು ಅದನ್ನೇ ತಿರುಗಿ ಹೇಳು. ಆರು ವರ್ಷ ನಾನು ದಾರಿ ನೋಡ್ದೆ ಅಣ್ಣ. ಬಸ್ಸು ನಿಂತಾಗೆಲ್ಲ ಯಾರಾದ್ರೂ ಇಳ್ದ್ರಾ ಅಂತ ಬಾಗ್ಲಿಗೆ ಬಂದು ನೋಡ್ದೆ. ಕರಿದೆ ಇರೋದು ನಿಂಗೆ ಪ್ರೀತಿ. ನಂಗೆ ಅದು ಬಾಗ್ಲು ಹಾಕ್ದಂಗೆ."

ಅಣ್ಣ ಮೆಣಸು ಎಳೆಯುವ ಕೋಲನ್ನು ಹಿಡಿದು ನಿಂತೇ ಇದ್ದ. ಇವಳಿಗೆ ಪರದೇಶದ ಗಾಳಿ ಹಿಡಿದಿದೆ ಎಂಬಂತೆ ಹೆಂಡತಿಯ ಮುಖ ನೋಡಿದ. ಅತ್ತಿಗೆ ಅವನ ಸಹಾಯಕ್ಕೆ ಬರಲಿಲ್ಲ.

"ನೀನು ದಾರಿ ನೋಡ್ದೆ" ಎಂದ ಕೊನೆಗೆ.

"ಹೂಂ."

"ಬಸ್ಸು ನಿಂತಾಗೆಲ್ಲ." ಮುಂದಿನದನ್ನು ಅಲ್ಲಿಗೇ ಬಿಟ್ಟು, ಕೋಲು ಕೆಳಗಿಟ್ಟ.

ಅಷ್ಟರಲ್ಲಿ ಅತ್ತಿಗೆ ಒಳಗೆ ಹೋಗಿ ಕುಂಕುಮದ ಭರಣಿ ಹಿಡಿದು ಬಂದರು. "ನೀವಲ್ಲ ಅತ್ತಿಗೆ" ಎಂದೆ. ಅವರು ಅಲ್ಲೇ ನಿಂತರು. ಅಣ್ಣ ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಂಡು, ಮೆಣಸಿನ ರಾಶಿ ಬಳಸಿಕೊಂಡು, ನಾನು ನಿಂತಿದ್ದ ಅಂಗಳದ ಅಂಚಿನವರೆಗೆ ಬಂದ. ನನ್ನ ಮುಖ ನೋಡಲಿಲ್ಲ, ಪಕ್ಕದ ಸಿಲ್ವರ್ ಮರ ನೋಡುತ್ತಾ ಹೇಳಿದ.

"ಚೈತ್ರನ್ ಮದ್ವೆ ಐತೆ ಸರೋಜ. ಬಾ."

ಆ ಮದುವೆಯ ದಿನ ಹಾನುಬಾಳು ಹೋಬಳಿಗೆಲ್ಲ ಗೊತ್ತಿತ್ತು. ನನಗಂತೂ ಮುಹೂರ್ತದ ಗಳಿಗೆ ಸಮೇತ ಬಾಯಿಪಾಠವಾಗಿತ್ತು. ಆದರೂ, ಕರೆಸಿಕೊಂಡವರು ಕೇಳಬೇಕಾದ ಹಾಗೆ ಕೇಳಿದೆ.

"ಯಾವತ್ತಣ್ಣ?"